ಪಾದವ್ಯಥೆ: ಅದರ ಕಾರಣಗಳು ಹಾಗೂ ವೈದ್ಯರನ್ನು ಕಾಣಬೇಕಾದ ಕಾಲ

ಪೀಠಿಕೆ

ಮಾನವದೇಹದ ಅವಯವಗಳಲ್ಲಿ ಪಾದಕ್ಕೆ ಸಲ್ಲುವಷ್ಟು ಗೌರವ ಬೇರೊಂದಕ್ಕೆ ಸಲ್ಲುವುದಿಲ್ಲ. ಪಾದಕ್ಕೆ ಒದಗುವಷ್ಟು ಅಲಕ್ಷ್ಯವೂ ಬೇರೊಂದಕ್ಕೆ ಒದಗುವುದಿಲ್ಲ. ಗುರುಹಿರಿಯರ ಪಾದಕ್ಕೆ ಹಣೆ ಮುಟ್ಟಿಸಿ ವಂದಿಸುವುದು ಈ ನಾಡಿನ ಸಂಪ್ರದಾಯ. ಪಾದಪೂಜೆ, ಪಾದೋದಕಗಳಿಗೆ ಶರಣಧರ್ಮದ ಆಚರಣೆಯಲ್ಲಿ ಉನ್ನತವಾದ ಸ್ಥಾನವಿದೆ. ಜಂಗಮ ಎಂಬ ಶಬ್ದದ ಮೂಲಾರ್ಥವೇ ಚಲಿಸುವಂಥದು ಎಂದು. ಹೀಗೆ ಪರರ ಪಾದಕ್ಕೆ ತಲೆಬಾಗುವ ಮನುಷ್ಯನು ತನ್ನ ಅಂಗಾಲನ್ನು ತಿಂಗಳಿಗೊಮ್ಮೆಯಾದರೂ ತಿರುವಿ ನೋಡಿಕೊಳ್ಳುವನೇ ಎಂದು ಕೇಳಿದರೆ, ಉತ್ತರ ಕೊಡುವವರು ವಿರಳ. ಮುಖಕ್ಕೆ ಕನ್ನಡಿಯುಂಟು, ಅಂಗಾಲಿಗೆ ಕನ್ನಡಿ ಹಿಡಿದವರಿಲ್ಲ.

ಛಂದಃಶಾಸ್ತ್ರದಲ್ಲಿ ಪದ್ಯದ ಚತುರ್ಥಾಂಶಕ್ಕೆ ಪಾದವೆಂಬ ಹೆಸರಿದೆ. ಒಂದು ಪಾದದಲ್ಲಿ ಒಂದು ಮಾತ್ರೆ ತಪ್ಪಿದರೂ ಪದ್ಯವು ಕುಂಟುತ್ತದೆ. ಯತಿಯಿರುವಲ್ಲಿ ನಿಲ್ಲದೆ ಓದಿದರೆ ಅದರ ನಡೆ ಕೆಡುತ್ತದೆ. ದೇಹದ ಪಾದಕ್ಕೂ ಈ ನಿಯಮ ಸಲ್ಲುತ್ತದೆ. ಅಳತೆ ಮೀರಿದ ಭಾರ, ವಿರಾಮವಿಲ್ಲದ ನಡೆ, ಹೊಂದದ ಪಾದರಕ್ಷೆ ಇವುಗಳಿಂದ ಪಾದವು ನೋಯುತ್ತದೆ, ಆ ನೋವಿನ ಮೂಲಕ ತನ್ನ ಅಳಲನ್ನು ಒಡೆಯನಿಗೆ ತಿಳಿಸುತ್ತದೆ. ಆ ಮಾತನ್ನು ಅರ್ಥಮಾಡಿಕೊಳ್ಳುವುದು ಹೇಗೆ, ಯಾವ ನೋವಿಗೆ ಮನೆಯ ಆರೈಕೆ ಸಾಕು, ಯಾವುದಕ್ಕೆ ತಡವಿಲ್ಲದೆ ವೈದ್ಯರ ಬಾಗಿಲಿಗೆ ಹೋಗಬೇಕು, ಎಲ್ಲಕ್ಕೂ ಮಿಗಿಲಾಗಿ ಮಾತನ್ನೇ ಮರೆತ ಪಾದವನ್ನು ಕಾಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ನಾಲ್ಕು ತಾಲೂಕುಗಳ ನೆಲ ಮತ್ತು ಕಾಲು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಾಲಿನ ಮೇಲೆ ನಿಂತ ನಾಡುಗಳು. ಮೊದಲು ಬೈಲಹೊಂಗಲ ತಾಲೂಕಿಗೆ ಸೇರಿದ್ದು ಈಗ ಸ್ವತಂತ್ರ ತಾಲೂಕಾಗಿರುವ ಕಿತ್ತೂರಿನ ಪಶ್ಚಿಮದ ಅಂಚು ಮಲೆನಾಡಿನ ಸೆರಗನ್ನು ಮುಟ್ಟುತ್ತದೆ. ಅಲ್ಲಿಯ ಭತ್ತದ ಗದ್ದೆಗಳಲ್ಲಿ ಮಳೆಗಾಲದ ದಿನವೆಲ್ಲ ಕಾಲು ಕೆಸರು ನೀರಿನಲ್ಲಿಯೇ ಇರುತ್ತದೆ. ಪೂರ್ವಕ್ಕೆ ಸರಿದಂತೆ ಮಲಪ್ರಭೆಯ ಎರಡೂ ದಂಡೆಗಳಲ್ಲಿ ಎರೆಭೂಮಿ ಹರಡಿಕೊಂಡಿದೆ. ಬೇಸಗೆಯಲ್ಲಿ ಈ ಎರೆ ಬಿರಿದು ಬಾಯಿ ಬಿಡುವಂತೆಯೇ ಅದನ್ನು ತುಳಿಯುವ ಒಕ್ಕಲಿಗನ ಹಿಮ್ಮಡಿಯೂ ಬಿರಿಯುತ್ತದೆ. ಜೋಳ ಕೊಯ್ದ ಹೊಲದಲ್ಲಿ ಉಳಿಯುವ ಕೂಳೆಗಳು ಈಟಿಯ ಮೊನೆಯಂತೆ ನಿಂತಿರುತ್ತವೆ. ಕಬ್ಬಿನ ಹೊಲದ ಕೂಳೆಯೂ, ಬದುವಿನ ಜಾಲಿಯ ಮುಳ್ಳೂ ಇದಕ್ಕೆ ಕಡಿಮೆಯಲ್ಲ. ರಾಮದುರ್ಗದ ನೇಕಾರನು ಕುಣಿಮಗ್ಗದಲ್ಲಿ ಕುಳಿತರೆ, ಎಳೆಗಳನ್ನು ಏರಿಳಿಸುವ ಹಲಗೆಗಳನ್ನು ದಿನಕ್ಕೆ ಸಾವಿರಾರು ಸಲ ಪಾದದಿಂದಲೇ ಒತ್ತಬೇಕು.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಕರ್ನಾಟಕ ಹಾಗೂ ಮಹಾರಾಷ್ಟ್ರಗಳಿಂದ ಬರುವ ಭಕ್ತಸಮುದಾಯದಲ್ಲಿ ಬರಿಗಾಲಿನಿಂದ ಹಲವು ದಿನ ನಡೆದು ಬರುವವರು ಅಸಂಖ್ಯರು. ಚೈತ್ರದ ದವನದ ಹುಣ್ಣಿಮೆಯ ಹೊತ್ತಿಗೆ ಅದೇ ಗುಡ್ಡದ ಕಲ್ಲು ಕಾದ ಹಂಚಿನಂತಿರುತ್ತದೆ. ಇನ್ನು ಶಾಲೆಗಳಲ್ಲಿ ಶಹಾಬಾದ ಫರಸಿಯ ಮೇಲೆ ದಿನಕ್ಕೆ ಐದಾರು ತಾಸು ನಿಂತು ಪಾಠ ಹೇಳುವ ಶಿಕ್ಷಕರ ಪಾಡನ್ನು ಶಿಕ್ಷಕರಿಗೆ ಬಣ್ಣಿಸುವ ಅಗತ್ಯವಿಲ್ಲ. ಆದ್ದರಿಂದ ಪಾದವ್ಯಥೆಯು ಈ ಸೀಮೆಯಲ್ಲಿ ಯಾರೋ ಒಬ್ಬರ ವ್ಯಾಧಿಯಲ್ಲ. ಕಾಯಕ ಮಾಡುವ ಎಲ್ಲರನ್ನೂ ಒಮ್ಮೆಯಾದರೂ ಮುಟ್ಟುವ ವಿಷಯ.

ಪಾದದ ರಚನೆ

ಒಂದು ಪಾದದಲ್ಲಿ 26 ಎಲುಬುಗಳಿವೆ. ಎರಡು ಪಾದಗಳಲ್ಲಿ 52. ದೇಹದ ಒಟ್ಟು 206 ಎಲುಬುಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗವು ಪಾದಗಳಲ್ಲಿಯೇ ಇದೆಯೆಂದಾಯಿತು. ಇವು 33 ಸಂದುಗಳಲ್ಲಿ ಕೂಡಿಕೊಂಡು, ನೂರಕ್ಕೂ ಹೆಚ್ಚು ಕಟ್ಟುನರಗಳಿಂದ ಬಿಗಿಯಲ್ಪಟ್ಟಿವೆ. ಅಂಗಾಲು ಚಪ್ಪಟೆಯಾಗಿರದೆ ಕಮಾನಿನ ಆಕಾರದಲ್ಲಿದೆ. ಹಳೆಯ ದೇವಾಲಯದ ಕಲ್ಲುಕಮಾನು ಮೇಲಿನ ಭಾರವನ್ನು ಎರಡೂ ಬದಿಗೆ ಹಂಚುವಂತೆ ಈ ಕಮಾನು ದೇಹದ ಭಾರವನ್ನು ಹಿಮ್ಮಡಿಗೂ ಬೆರಳುಗಳ ಬುಡಕ್ಕೂ ಹಂಚುತ್ತದೆ. ಬಿಲ್ಲಿಗೆ ಹೆದೆ ಇರುವಂತೆ ಈ ಕಮಾನಿಗೆ ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಎಳೆದು ಕಟ್ಟಿದ ದಪ್ಪನಾದ ಒಂದು ಪಟ್ಟಿಯಿದೆ. ಹಿಂಭಾಗದಲ್ಲಿ ಮೀನಖಂಡದ ಸ್ನಾಯುಗಳು ಒಂದು ಬಲವಾದ ಹುರಿಯಾಗಿ ಹಿಮ್ಮಡಿಗೆ ಬಂದು ಅಂಟಿಕೊಂಡಿವೆ. ಈ ಮೂರನ್ನು, ಅಂದರೆ ಕಮಾನು, ಹೆದೆ, ಹುರಿ ಇವನ್ನು, ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿವರಣೆ ಸುಲಭವಾಗುವುದು.

ಪ್ರಾಚೀನರ ಗಮನ

ಭಾರತೀಯ ವೈದ್ಯಗ್ರಂಥಗಳು ಪಾದವನ್ನು ಅಲಕ್ಷಿಸಿಲ್ಲ. ಕಾಲನ್ನು ಏರುಪೇರಾಗಿ ಊರಿದ್ದರಿಂದ ಹುಟ್ಟುವ ನೋವನ್ನು ಸುಶ್ರುತಸಂಹಿತೆಯು ವಾತಕಂಟಕವೆಂದು ಹೆಸರಿಸಿದೆ. ಅಂಗಾಲಿನ ಉರಿಗೆ ಪಾದದಾಹವೆಂದೂ, ಜುಮ್ಮುಗುಟ್ಟಿ ಮರಗಟ್ಟುವುದಕ್ಕೆ ಪಾದಹರ್ಷವೆಂದೂ, ಹಿಮ್ಮಡಿಯ ಒಡಕಿಗೆ ಪಾದದಾರಿಯೆಂದೂ, ಕಾಲಾಣಿಗೆ ಕದರವೆಂದೂ, ಬೆರಳ ಸಂದಿಯ ಕೆಸರುಹುಣ್ಣಿಗೆ ಅಲಸವೆಂದೂ ಆ ಗ್ರಂಥದಲ್ಲಿ ಬೇರೆಬೇರೆ ಹೆಸರುಗಳುಂಟು. ಒಂದೊಂದು ನೋವಿಗೂ ಒಂದೊಂದು ಹೆಸರನ್ನಿಟ್ಟು ಬೇರ್ಪಡಿಸಿದ ಈ ವಿವೇಕ ಗಮನಾರ್ಹವಾದುದು. 'ಕಾಲುನೋವು' ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಕಟ್ಟಿಹಾಕಿ ಅಂಗಡಿಯಿಂದ ಒಂದೇ ಗುಳಿಗೆಯನ್ನು ತಂದು ನುಂಗುವ ಇಂದಿನ ರೂಢಿಗಿಂತ ಅದು ಮೇಲು. ಅಭ್ಯಂಗ ಮಾಡುವಾಗ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ಅಷ್ಟಾಂಗಹೃದಯವು ವಿಧಿಸಿದೆ. ಪಾದರಕ್ಷೆಯ ಧಾರಣವನ್ನು ಚರಕಸಂಹಿತೆಯು ಆರೋಗ್ಯದ ದಿನಚರ್ಯೆಯಲ್ಲಿಯೇ ಸೇರಿಸಿದೆ.

ಚರಕಸಂಹಿತೆಯ ಇನ್ನೊಂದು ಮಾತು ಈ ಲೇಖನಕ್ಕೆ ಅತಿ ಮುಖ್ಯವಾದುದು. ಪ್ರಮೇಹದ, ಅಂದರೆ ಸಿಹಿಮೂತ್ರದ ಜಾತಿಯ ವ್ಯಾಧಿಗಳ, ಪೂರ್ವರೂಪವನ್ನು ಹೇಳುವಾಗ ಕೈಕಾಲುಗಳಲ್ಲಿ ಉರಿ ಮತ್ತು ಜಡತ್ವ ಇವೆರಡನ್ನೂ ಆ ಗ್ರಂಥವು ಲೆಕ್ಕಕ್ಕೆ ತೆಗೆದುಕೊಂಡಿದೆ. ಈ ಜಡತ್ವದ ಪ್ರಸ್ತಾಪವು ಮುಂದೆ ಮತ್ತೆ ಬರುವುದು.

ಹಿಮ್ಮಡಿಯ ನೋವು

ಪಾದವ್ಯಥೆಗಳಲ್ಲಿ ಹೆಚ್ಚಾಗಿ ಕಂಡುಬರುವುದು ಹಿಮ್ಮಡಿಯದು. ಇದರ ಗುರುತು ಸ್ಪಷ್ಟ. ಬೆಳಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆ ಊರಿದೊಡನೆ ಹಿಮ್ಮಡಿಯಲ್ಲಿ ಮೊಳೆ ಹೊಡೆದಂತಾಗುತ್ತದೆ. ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ತಗ್ಗುತ್ತದೆ. ಬಹಳ ಹೊತ್ತು ಕುಳಿತು ಎದ್ದಾಗ, ಇಲ್ಲವೆ ದಿನವೆಲ್ಲ ನಿಂತ ಮೇಲೆ ಸಂಜೆಗೆ, ಮತ್ತೆ ಕಾಡುತ್ತದೆ. ಮೇಲೆ ಹೇಳಿದ ಬಿಲ್ಲಿನ ಹೆದೆಯು ಹಿಮ್ಮಡಿಯ ಎಲುಬಿಗೆ ಅಂಟಿಕೊಂಡ ಸ್ಥಳದಲ್ಲಿ ಸವೆದು ನೊಂದಿರುವುದೇ ಇದಕ್ಕೆ ಕಾರಣ. ನಲವತ್ತರಿಂದ ಅರುವತ್ತರ ನಡುವಿನ ವಯಸ್ಸಿನವರು, ಮೈಭಾರ ಹೆಚ್ಚಿದವರು, ಗಟ್ಟಿನೆಲದ ಮೇಲೆ ಬಹಳ ಹೊತ್ತು ನಿಲ್ಲುವವರು, ಮೀನಖಂಡ ಬಿಗಿದವರು ಇದಕ್ಕೆ ಸುಲಭವಾಗಿ ಈಡಾಗುತ್ತಾರೆ.

ಕ್ಷ-ಕಿರಣದ ಚಿತ್ರದಲ್ಲಿ ಹಿಮ್ಮಡಿಯ ಎಲುಬಿನಿಂದ ಮುಳ್ಳಿನಂತೆ ಚಾಚಿದ ಭಾಗ ಕಂಡರೆ ಜನರು ಗಾಬರಿಯಾಗುವುದುಂಟು. ಆ ಮುಳ್ಳೇ ಚುಚ್ಚುತ್ತಿದೆಯೆಂದು ಭಾವಿಸಿ ಅದನ್ನು ಕತ್ತರಿಸಿ ತೆಗೆಯಿರೆಂದು ವೈದ್ಯರನ್ನು ಬೇಡುವರು. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲಿಯೂ ಇಂಥ ಮುಳ್ಳು ಇರುತ್ತದೆ. ಚಿಕಿತ್ಸೆಯು ಮುಳ್ಳಿಗಲ್ಲ, ಸವೆದ ಪಟ್ಟಿಗೆ.

ಇದಕ್ಕೆ ಔಷಧಕ್ಕಿಂತ ತಾಳ್ಮೆಯೂ ಅಭ್ಯಾಸವೂ ಹೆಚ್ಚು ಫಲಕಾರಿ. ಬೆಳಗ್ಗೆ ನೆಲಕ್ಕೆ ಕಾಲಿಡುವ ಮೊದಲು ಹಾಸಿಗೆಯ ಮೇಲೆಯೇ ಕುಳಿತು ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನತ್ತ ಎಳೆದು ಹತ್ತು ಎಣಿಸುವವರೆಗೆ ಹಿಡಿಯಬೇಕು. ಹೀಗೆ ಹತ್ತು ಸಲ. ಅನಂತರ ಗೋಡೆಗೆ ಎರಡೂ ಕೈಗಳನ್ನು ಊರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ನೆಲದಿಂದ ಎತ್ತದೆ, ಮೀನಖಂಡವು ಎಳೆದಂತಾಗುವವರೆಗೆ ಮುಂದಕ್ಕೆ ಬಾಗಿ ಅರ್ಧ ನಿಮಿಷ ನಿಲ್ಲಬೇಕು; ಹೀಗೆ ಮೂರು ಸಲ. ಸಂಜೆ ತಣ್ಣೀರು ತುಂಬಿದ ಸೀಸೆಯನ್ನು ಅಂಗಾಲಿನ ಕೆಳಗಿಟ್ಟು ಉರುಳಿಸಬಹುದು. ಮನೆಯೊಳಗೂ ಮೆತ್ತನೆಯ ಪಾದರಕ್ಷೆ ಧರಿಸಬೇಕು. ಮೈಭಾರ ಇಳಿಸಬೇಕು. ಕೆಲವು ತಿಂಗಳುಗಳ, ಕೆಲವೊಮ್ಮೆ ಒಂದು ವರ್ಷದ, ಇಂಥ ಆರೈಕೆಯಿಂದ ಹತ್ತರಲ್ಲಿ ಎಂಟು ಜನಕ್ಕೂ ಹೆಚ್ಚು ಮಂದಿ ಶಸ್ತ್ರಕ್ರಿಯೆಯಿಲ್ಲದೆ ಗುಣಹೊಂದುತ್ತಾರೆ. ನೋವಿರುವ ಸ್ಥಳಕ್ಕೆ ಕೊಡುವ ಸೂಜಿಮದ್ದು ಕೆಲಕಾಲ ಸುಖ ಕೊಡುವುದುಂಟು. ಮೇಲಿಂದ ಮೇಲೆ ಹಾಕಿಸಿದರೆ ಅದು ಪಟ್ಟಿಯನ್ನೇ ದುರ್ಬಲಗೊಳಿಸಬಲ್ಲದು.

ಎಂಟರಿಂದ ಹದಿನಾಲ್ಕು ವಯಸ್ಸಿನ ಮಕ್ಕಳು ಖೋಖೋ, ಕಬಡ್ಡಿ ಆಡಿದ ಮೇಲೆ ಹಿಮ್ಮಡಿ ನೋವೆಂದು ಹೇಳಿದರೆ, ಬೆಳೆಯುವ ಎಲುಬಿನ ಅಂಚಿಗೆ ಹುರಿಯ ಎಳೆತ ತಗಲಿರುವುದು ಸಾಮಾನ್ಯ ಕಾರಣ. ಕೆಲವು ವಾರಗಳ ವಿಶ್ರಾಂತಿಯಿಂದ ಅದು ಮಾಗುತ್ತದೆ. ಆದರೆ ಜ್ವರದೊಡನೆ ಕುಂಟುವ ಮಗುವನ್ನು ಆಟದ ನೋವೆಂದು ಮನೆಯಲ್ಲಿ ಇಟ್ಟುಕೊಳ್ಳಬಾರದು. ಎಲುಬಿಗೆ ಕೀವು ತಗಲಿರಬಹುದು.

ಆಣಿ, ಒಡಕು, ಕೆಸರುಹುಣ್ಣು, ಮುಳ್ಳು

ಎಲುಬಿನ ಉಬ್ಬಿಗೂ ಪಾದರಕ್ಷೆಯ ಗಟ್ಟಿಗೂ ನಡುವೆ ಸಿಕ್ಕ ಚರ್ಮವು ತನ್ನ ರಕ್ಷಣೆಗಾಗಿ ದಪ್ಪಗಾಗುವುದೇ ಆಣಿ. ಒತ್ತಡವು ಹೋಗದೆ ಆಣಿಯು ಹೋಗದು. ಕೊರೆದು ತೆಗೆದರೂ ಮತ್ತೆ ಹುಟ್ಟುತ್ತದೆ. ಬೆಚ್ಚಗಿನ ನೀರಿನಲ್ಲಿ ನೆನೆಸಿ, ಉರುಟು ಕಲ್ಲಿನಿಂದ ಮೆಲ್ಲನೆ ತಿಕ್ಕಿ, ಸಡಿಲವಾದ ಮೆತ್ತನೆಯ ಪಾದರಕ್ಷೆಗೆ ಬದಲಾಯಿಸುವುದೇ ಮಾರ್ಗ. ಕ್ಷೌರದ ಅಲಗಿನಿಂದ ಕೊಯ್ದುಕೊಳ್ಳುವುದು ಅನೇಕ ಅನರ್ಥಗಳಿಗೆ ಮೂಲವಾಗಿದೆ.

ಎರೆಭೂಮಿಯ ಒಕ್ಕಲಿಗನ ಹಿಮ್ಮಡಿಯ ಒಡಕಿಗೆ ಕಾರಣ ಶುಷ್ಕತೆ. ರಾತ್ರಿ ಕಾಲು ತೊಳೆದು, ಒರಸಿ, ಕೊಬ್ಬರಿ ಎಣ್ಣೆಯನ್ನಾಗಲಿ ವ್ಯಾಸಲೀನನ್ನಾಗಲಿ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಿದರೆ ಕೆಲವೇ ವಾರಗಳಲ್ಲಿ ಒಡಕು ಕೂಡಿಕೊಳ್ಳುತ್ತದೆ. ಗೇರಿನ ಎಣ್ಣೆ ಹಾಕಿ ಸುಡುವುದು, ಬಿರುಕಿಗೆ ಕರಗಿಸಿದ ಮೇಣವನ್ನು ಬಿಸಿಯಾಗಿಯೇ ಸುರಿಯುವುದು ಚರ್ಮವನ್ನು ಇನ್ನಷ್ಟು ಕೆಡಿಸುವ ಕ್ರಮಗಳು. ಕಿತ್ತೂರಿನ ಕಡೆಯ ಗದ್ದೆಯ ಕೆಲಸಗಾರರಿಗೆ ಇದರ ವಿರುದ್ಧವಾದ ತೊಂದರೆ: ನೀರಿನಲ್ಲಿ ನೆನೆದ ಬೆರಳ ಸಂದಿಯಲ್ಲಿ ಬೂಷ್ಟು ಬೆಳೆದು ಚರ್ಮ ಬೆಳ್ಳಗಾಗಿ ಕಿತ್ತುಬರುತ್ತದೆ. ಅವರು ಸಂದಿಗಳನ್ನು ಒಣಗಿಸಬೇಕು. ಅಲ್ಲಿ ಎಣ್ಣೆ ಹಚ್ಚಬಾರದು. ಬೂಷ್ಟಿಗೆ ಹಚ್ಚುವ ಮುಲಾಮು ಯಾವುದೆಂದು ವೈದ್ಯರನ್ನು ಕೇಳಿಕೊಳ್ಳಬೇಕು. ಸಂದಿಯ ಈ ಸಣ್ಣ ಬಿರುಕೇ ನಂಜು ಒಳನುಗ್ಗುವ ಬಾಗಿಲು.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯು ಲೋಕನೀತಿಗೆ ಒಪ್ಪುವಂಥದು, ಅಂಗಾಲಿಗೆ ಒಪ್ಪುವಂಥದಲ್ಲ. ಬೆಂಕಿಯಲ್ಲಿ ಕಾಯಿಸಿ ಆರಿಸಿದ ಸೂಜಿಯಿಂದ ಮೇಲ್ಮೈಯ ಮುಳ್ಳನ್ನು ತೆಗೆದು, ಸಾಬೂನಿನಿಂದ ತೊಳೆಯಬೇಕು. ಆಳಕ್ಕೆ ಮುರಿದ ಮುಳ್ಳನ್ನು ಕೆದಕದೆ ಆಸ್ಪತ್ರೆಗೆ ಹೋಗಬೇಕು. ಕೂಳೆ, ಮುಳ್ಳು, ಮೊಳೆ ಯಾವುದು ಚುಚ್ಚಿದರೂ ಧನುರ್ವಾಯುವಿನ ಲಸಿಕೆಯ ವಿಚಾರವನ್ನು ಮರೆಯಬಾರದು. ಗಾಯಕ್ಕೆ ಸುಣ್ಣಬೆಲ್ಲ ಮೆತ್ತುವುದು ಕೀವನ್ನು ಒಳಗೇ ಕೂಡಿಹಾಕಿದಂತೆ.

ಉಳುಕು, ನಡಿಗೆಯ ಬಿರುಕು, ಹೆಬ್ಬೆರಳಿನ ಬಾವು

ಹರಡು ಉಳುಕಿದಾಗ ತಿಕ್ಕಿ ತೀಡಿ ನೆಟಿಗೆ ಮುರಿಸುವುದು ಹಳ್ಳಿಗಳಲ್ಲಿ ರೂಢಿ. ಎಲುಬು ಮುರಿದಿದ್ದರೆ ಈ ತಿಕ್ಕುವಿಕೆಯೇ ಹಾನಿಕರ. ಪೆಟ್ಟು ತಗಲಿದ ಮೇಲೆ ನಾಲ್ಕು ಹೆಜ್ಜೆ ನಡೆಯಲು ಆಗದಿದ್ದರೆ, ಹರಡಿನ ಎರಡೂ ಬದಿಯ ಗಂಟೆಲುಬಿನ ಹಿಂದಣ ಅಂಚನ್ನು ಒತ್ತಿದಾಗ ನೋವಾದರೆ, ಕಿರುಬೆರಳಿನ ಕಡೆಯ ಪಾದದ ಹೊರಮಗ್ಗುಲಿನ ಅಥವಾ ಒಳಮಗ್ಗುಲಿನ ನಡುಭಾಗದ ಎಲುಬನ್ನು ಒತ್ತಿದಾಗ ನೋವಾದರೆ ಚಿತ್ರ ತೆಗೆಸುವುದು ಅವಶ್ಯ. ಇವೊಂದೂ ಇಲ್ಲದಿದ್ದರೆ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಪಟ್ಟಿ, ಕಾಲನ್ನು ದಿಂಬಿನ ಮೇಲೆತ್ತಿ ಇಡುವುದು ಇಷ್ಟೇ ಸಾಕಾಗುತ್ತದೆ.

ನಡೆಯುವ ರೂಢಿಯಿಲ್ಲದವರು ಒಮ್ಮೆಗೇ ಹತ್ತಾರು ಹರದಾರಿ ನಡೆದರೆ ಪಾದದ ಮುಂಭಾಗದ ಸಣ್ಣ ಎಲುಬುಗಳಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುವುದುಂಟು. ಹೊಸದಾಗಿ ಸೈನ್ಯಕ್ಕೆ ಸೇರಿದವರಲ್ಲಿ ಮೊದಲು ಗುರುತಿಸಲ್ಪಟ್ಟ ಈ ಬಿರುಕು ಗುಡ್ಡಕ್ಕೆ ನಡೆದುಬರುವ ಯಾತ್ರಿಕರಿಗೂ ಬರಬಹುದು. ಪಾದದ ಮೇಲ್ಭಾಗದ ಒಂದೇ ಸ್ಥಳದಲ್ಲಿ ನೋವು, ಅಲ್ಪ ಬಾವು, ನಡೆದಷ್ಟೂ ಹೆಚ್ಚುವುದು, ಕುಳಿತರೆ ಕಡಿಮೆಯಾಗುವುದು ಇದರ ಗುರುತು. ಮೊದಲ ಚಿತ್ರದಲ್ಲಿ ಈ ಬಿರುಕು ಕಾಣದೆ ಎರಡು ಮೂರು ವಾರಗಳ ಮೇಲೆ ಕಾಣುವುದುಂಟು. ಯಾತ್ರೆಗೆ ಒಂದೆರಡು ತಿಂಗಳ ಮೊದಲಿನಿಂದಲೇ ದಿನವೂ ಸ್ವಲ್ಪಸ್ವಲ್ಪವಾಗಿ ನಡಿಗೆಯನ್ನು ಹೆಚ್ಚಿಸುತ್ತ ಬಂದವನು ಇದರಿಂದ ಪಾರಾಗುತ್ತಾನೆ.

ರಾತ್ರಿ ಸುಖವಾಗಿ ಮಲಗಿದವನ ಹೆಬ್ಬೆರಳಿನ ಬುಡವು ಬೆಳಗಾಗುವುದರೊಳಗೆ ಕೆಂಪಾಗಿ, ಬಿಸಿಯಾಗಿ, ಹೊದಿಕೆ ಸೋಕಿದರೂ ಸಹಿಸದಂತೆ ನೋಯುತ್ತಿದ್ದರೆ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ ಸಂದಿನಲ್ಲಿ ಹರಳುಗಟ್ಟಿದೆಯೆಂದು ಊಹಿಸಬಹುದು. ವೈದ್ಯರು ಇದನ್ನು ಗೌಟ್ ಎನ್ನುವರು; ಆಯುರ್ವೇದದ ವಾತರಕ್ತದ ವರ್ಣನೆ ಇದಕ್ಕೆ ಬಹಳ ಸಮೀಪವಾದುದು. ಮದ್ಯಪಾನ, ಮಾಂಸಾತಿರೇಕ, ಸಕ್ಕರೆಯ ಪಾನೀಯಗಳು ಇದನ್ನು ಕೆರಳಿಸುತ್ತವೆ. ಆದರೂ ಶಾಕಾಹಾರಿಗಳಿಗೆ ಇದು ಬಾರದೆಂದು ತಿಳಿಯುವುದು ತಪ್ಪು.

ರಕ್ತವು ತಲುಪದ ಪಾದ

ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಂಡು, ನಿಂತೊಡನೆ ಬಿಟ್ಟು, ಮತ್ತೆ ಅಷ್ಟೇ ದೂರ ನಡೆದಾಗ ಹಿಡಿದುಕೊಂಡರೆ, ಅದು ದಣಿವಲ್ಲ. ಕಾಲಿನ ರಕ್ತನಾಳವು ಸಂಕುಚಿತವಾಗಿರುವುದರ ಸೂಚನೆ. ಬೀಡಿ ಸೇದುವ ತರುಣರಲ್ಲಿಯೂ ಇದು ಕಾಣುತ್ತದೆ. 1908ರಲ್ಲಿ ಬರ್ಗರ್ ಎಂಬ ವೈದ್ಯನು ವರ್ಣಿಸಿದ್ದರಿಂದ ಅವನ ಹೆಸರನ್ನೇ ಪಡೆದ ವ್ಯಾಧಿಯು ತಂಬಾಕು ಸೇವಿಸುವವರ ಕಾಲ್ಬೆರಳುಗಳನ್ನು ಕರ್ರಗಾಗಿಸಿ ಕೊನೆಗೆ ಕತ್ತರಿಸುವವರೆಗೆ ಒಯ್ಯುತ್ತದೆ. ಅದಕ್ಕೆ ಇರುವ ಮುಖ್ಯ ಚಿಕಿತ್ಸೆ ತಂಬಾಕನ್ನು ಸಂಪೂರ್ಣವಾಗಿ ಬಿಡುವುದು. ಒಂದು ಬೀಡಿಯೂ ಉಳಿಯಬಾರದು.

ನೋವನ್ನು ಮರೆತ ಪಾದ

ಇಲ್ಲಿಯವರೆಗೆ ಹೇಳಿದ್ದು ನೋಯುವ ಪಾದಗಳ ಕಥೆ. ಇವೆಲ್ಲವುಗಳಿಗಿಂತ ಹೆಚ್ಚು ಅಪಾಯಕರವಾದುದು ನೋಯದ ಪಾದ. ಈ ಸತ್ಯವನ್ನು ಲೋಕಕ್ಕೆ ತೋರಿಸಿಕೊಟ್ಟ ಕಾರ್ಯವು ದಕ್ಷಿಣ ಭಾರತದಲ್ಲಿಯೇ ನಡೆಯಿತು. ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿಯೇ ಕೊಳೆತು ಉದುರುತ್ತವೆಂದು ಆಗ ಎಲ್ಲರೂ ನಂಬಿದ್ದರು. ಬ್ರಾಂಡ್ ಅವರ ಸೂಕ್ಷ್ಮ ಅವಲೋಕನವು ಬೇರೆಯದನ್ನೇ ಕಂಡಿತು. ನರಗಳು ಜಡವಾಗಿ ನೋವು ತಿಳಿಯದ ಕಾರಣ ರೋಗಿಯು ಸುಟ್ಟ ಗಾಯದ ಮೇಲೆಯೇ ನಡೆಯುತ್ತಾನೆ, ಮೊಳೆ ಚುಚ್ಚಿದ ಪಾದರಕ್ಷೆಯನ್ನೇ ತೊಡುತ್ತಾನೆ. ಪಾದವನ್ನು ನಾಶಮಾಡುವುದು ಈ ಅರಿಯದ ಗಾಯಗಳೇ. ನೋವು ಯಾರೂ ಬೇಡದ ಒಂದು ವರವೆಂದು ಅವರು ತಮ್ಮ ಬಾಳಿನುದ್ದಕ್ಕೂ ಸಾರಿದರು. ಕುಷ್ಠರೋಗಕ್ಕೆ ಇಂದು ಸಂಪೂರ್ಣ ಗುಣಪಡಿಸುವ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಸ್ಪರ್ಶ ತಿಳಿಯದ ಮಚ್ಚೆ ಕಂಡೊಡನೆ ನಾಚಿಕೆಯಿಲ್ಲದೆ ಹೋಗಿ ತೋರಿಸಿಕೊಳ್ಳುವುದಷ್ಟೇ ರೋಗಿಯ ಕರ್ತವ್ಯ.

ಆದರೆ ಈ ಜಡಪಾದವನ್ನು ಇಂದು ಮನೆಮನೆಗೂ ತಂದಿರುವುದು ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ವ್ಯಾಧಿಯಿದೆ. ರಕ್ತದಲ್ಲಿ ಸಕ್ಕರೆಯು ವರ್ಷಗಟ್ಟಲೆ ಮೇರೆ ಮೀರಿದರೆ ಪಾದದ ನರಗಳು ಮೊದಲು ಉರಿಯುತ್ತವೆ, ಅನಂತರ ಜುಮ್ಮುಗುಟ್ಟುತ್ತವೆ, ಕೊನೆಗೆ ಮೌನವಾಗುತ್ತವೆ. ಉರಿ ನಿಂತಿತೆಂದು ರೋಗಿಯು ಸಂತೋಷಪಡುವ ಹೊತ್ತಿಗೆ ಅಪಾಯವು ಆರಂಭವಾಗಿರುತ್ತದೆ. ಚರಕಸಂಹಿತೆಯು ಹೇಳಿದ ಉರಿ ಮತ್ತು ಜಡತ್ವ ಇವೇ ಅಲ್ಲವೇ?

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ಒಬ್ಬ ಒಕ್ಕಲಿಗನು ಜೋಳದ ಹೊಲದಲ್ಲಿ ನಡೆಯುವಾಗ ಕೂಳೆ ಅಂಗಾಲನ್ನು ಹೊಕ್ಕಿತು. ಅವನಿಗೆ ತಿಳಿಯಲಿಲ್ಲ. ಮೂರನೆಯ ದಿನ ಹಾಸಿಗೆಯ ಮೇಲೆ ರಸಿಗೆಯ ಕಲೆಯನ್ನು ಕಂಡವಳು ಮನೆಯ ಹೆಣ್ಣುಮಗಳು. ನೋವಿಲ್ಲವಲ್ಲ, ಏನಾದೀತು ಎಂದು ಅವನು ಅರಿಸಿನ ಮೆತ್ತಿ ಕೆಲಸಕ್ಕೆ ಹೋದನು. ಬಿತ್ತನೆ ಮುಗಿಯಲಿ, ಜಾತ್ರೆ ಮುಗಿಯಲಿ ಎಂದು ವಾರಗಳು ಉರುಳಿದವು. ವಾಸನೆ ಹುಟ್ಟಿ, ಬೆರಳು ಕಪ್ಪಾಗಿ, ಜ್ವರ ಬಂದ ಮೇಲೆ ಅವನು ಆಸ್ಪತ್ರೆಗೆ ಬಂದಾಗ ಕಾಲನ್ನುಳಿಸುವ ಕಾಲ ಮೀರಿತ್ತು. ಇದು ಯಾವೊಬ್ಬನ ಕಥೆಯೂ ಅಲ್ಲ. ಇಂಥ ರೋಗಿಗಳನ್ನು ನೋಡುವ ವೈದ್ಯರಿಗೆಲ್ಲ ಪರಿಚಿತವಾದ ಕ್ರಮ. ಮೊದಲ ದಿನವೇ ತೊಳೆದು, ಪಟ್ಟಿ ಕಟ್ಟಿಸಿ, ಆ ಕಾಲಿನ ಮೇಲೆ ಭಾರ ಹಾಕದೆ ಇದ್ದಿದ್ದರೆ ಕೆಲವು ವಾರಗಳಲ್ಲಿ ಮುಗಿಯಬಹುದಾಗಿದ್ದ ಗಾಯವದು.

ಸಕ್ಕರೆ ಕಾಯಿಲೆಯವರ ಪಾದವು ಹೆಚ್ಚು ನೋವಿಲ್ಲದೆ ಕೆಂಪಾಗಿ, ಬಿಸಿಯಾಗಿ, ಊದಿಕೊಂಡರೆ ಅದನ್ನು ಉಳುಕೆಂದು ಬಗೆಯಬಾರದು. ಒಳಗೆ ಎಲುಬುಗಳು ಕುಸಿಯುತ್ತಿರಬಹುದು. ಹಿಮ್ಮಡಿ ನೋವಿಗೆಂದು ಕಾಯಿಸಿದ ಇಟ್ಟಿಗೆಯ ಮೇಲೆ ಎಕ್ಕೆಯ ಎಲೆ ಇಟ್ಟು ತುಳಿಯುವ ಮನೆಮದ್ದೂ, ಬಿಸಿನೀರಿನ ಬುಟ್ಟಿಯಲ್ಲಿ ಕಾಲಿಡುವುದೂ, ಆಣಿಗೆ ಹಚ್ಚುವ ಆಮ್ಲದ ಔಷಧಗಳೂ ಇವರಿಗೆ ವರ್ಜ್ಯ. ಬೆಂದರೂ ಇವರಿಗೆ ತಿಳಿಯುವುದಿಲ್ಲ.

ಹರಕೆಯ ವಿಷಯವನ್ನೂ ಇಲ್ಲಿ ಸಂಕೋಚವಿಲ್ಲದೆ ಹೇಳಬೇಕು. ಬರಿಗಾಲಿನ ಯಾತ್ರೆ ಭಕ್ತಿಯ ಕುರುಹು. ಅದರ ಬಗ್ಗೆ ಲಘುವಾಗಿ ಮಾತಾಡುವುದು ಸಲ್ಲದು. ಆದರೆ ಜಡಪಾದದವನು ಕಾದ ಕಲ್ಲಿನ ಮೇಲೆ ನಡೆದರೆ ಅದು ತಪಸ್ಸಾಗುವುದಿಲ್ಲ; ಕಷ್ಟವು ಅವನಿಗೆ ತಿಳಿಯುವುದೇ ಇಲ್ಲ, ಹಾನಿಯೊಂದೇ ಉಳಿಯುತ್ತದೆ. ಅಂಥವರು ದಾರಿಯುದ್ದಕ್ಕೂ ಪಾದರಕ್ಷೆ ಧರಿಸಿ, ಅದನ್ನು ಬಿಡಲೇಬೇಕಾದ ಗುಡಿಯ ಅಂಗಳದಲ್ಲಿ ದಪ್ಪ ಕಾಲುಚೀಲ ಹಾಕಿಕೊಂಡು, ಬಿಸಿಲೇರುವ ಮೊದಲೇ ದರ್ಶನ ಮುಗಿಸುವುದು ಲೇಸು.

ವೈದ್ಯರನ್ನು ಯಾವಾಗ ಕಾಣಬೇಕು

ಮೇಲಿನದೆಲ್ಲ ಮರೆತರೂ ಈ ಕೆಳಗಿನದು ನೆನಪಿನಲ್ಲಿರಬೇಕು.

ಕೂಡಲೇ, ಹಗಲು ರಾತ್ರಿಯೆನ್ನದೆ, ಹೋಗಬೇಕಾದ ಸಂದರ್ಭಗಳು:
1. ಒಂದು ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ತೀವ್ರವಾಗಿ ನೋಯತೊಡಗಿದರೆ. ರಕ್ತನಾಳವು ಕಟ್ಟಿಕೊಂಡಿರಬಹುದು, ಕಾಲನ್ನುಳಿಸಲು ಇರುವ ಸಮಯ ಸುಮಾರು ಆರು ತಾಸು ಮಾತ್ರ.
2. ಪೆಟ್ಟಿನ ಅನಂತರ ಪಾದವು ವಕ್ರವಾದರೆ, ಎಲುಬು ಹೊರಬಂದರೆ, ಹೆಜ್ಜೆ ಊರಲಾಗದಿದ್ದರೆ.
3. ಪಾದದ ನಂಜಿನೊಡನೆ ಚಳಿಜ್ವರ ಬಂದರೆ, ಕೆಂಪು ಗೆರೆ ಮೇಲಕ್ಕೇರಿದರೆ, ಬೆರಳು ಕಪ್ಪಾದರೆ.
4. ಒಂದೇ ಕಾಲಿನ ಮೀನಖಂಡವು ಊದಿ ನೋಯುತ್ತಿದ್ದರೆ. ಅದರೊಡನೆ ಉಸಿರು ಕಟ್ಟಿದರಂತೂ ಒಂದು ಕ್ಷಣವೂ ತಡೆಯಬಾರದು.

ಅದೇ ದಿನ ಹೋಗಬೇಕಾದುದು: ಸಕ್ಕರೆ ಕಾಯಿಲೆಯವರ ಪಾದದಲ್ಲಿ ಎಷ್ಟೇ ಸಣ್ಣದಾದ ಗಾಯ, ಗುಳ್ಳೆ, ಬಾವು, ಬಣ್ಣದ ಬದಲಾವಣೆ ಕಂಡರೂ, ಜ್ವರದೊಡನೆ ಕುಂಟುವ ಮಗು, ಕೆಂಪಾಗಿ ಬಿಸಿಯಾದ ಸಂದು.

ವಾರದೊಳಗೆ ಹೋಗಬೇಕಾದುದು: ಎರಡು ವಾರ ಮನೆಯ ಆರೈಕೆ ಮಾಡಿದರೂ ತಗ್ಗದ ನೋವು, ರಾತ್ರಿ ನಿದ್ದೆಗೆಡಿಸುವ ನೋವು, ಎರಡೂ ಪಾದಗಳಲ್ಲಿ ಉರಿ, ಜೋಮು, ನಡೆದಾಗ ಹಿಡಿದುಕೊಳ್ಳುವ ಮೀನಖಂಡ, ಹಳೆಯ ಆಣಿಯ ಕೆಳಗೆ ಕಪ್ಪು ಕಲೆ.

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಕಿತ್ತೂರಿನಲ್ಲಿಯೂ ಸರ್ಕಾರಿ ಆಸ್ಪತ್ರೆಯಿದೆ. ಹೆಚ್ಚಿನ ಚಿಕಿತ್ಸೆಗೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿವೆ. 2008ರಲ್ಲಿ ಕರ್ನಾಟಕದಲ್ಲಿ ಆರಂಭವಾದ 108ರ ವಾಹನವು ಹಳ್ಳಿಗೂ ಬರುತ್ತದೆ. ನೋವುನಿವಾರಕ ಗುಳಿಗೆಗಳನ್ನು ತಿಂಗಳುಗಟ್ಟಲೆ ತಾವಾಗಿಯೇ ನುಂಗುವವರು ಹೊಟ್ಟೆಯ ಹುಣ್ಣನ್ನೂ ಮೂತ್ರಪಿಂಡದ ಹಾನಿಯನ್ನೂ ದುಡ್ಡು ಕೊಟ್ಟು ಕೊಂಡಂತೆ.

ಪಾದದ ದಿನಚರ್ಯೆ

ಪ್ರತಿರಾತ್ರಿ ಪಾದಗಳನ್ನು ತೊಳೆದು, ಬೆರಳ ಸಂದಿಗಳನ್ನು ಒರಸಿ, ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಬೇಕು. ಬಾಗಲಾಗದ ವೃದ್ಧರು ನೆಲದ ಮೇಲೆ ಕನ್ನಡಿಯಿಟ್ಟು ನೋಡಬಹುದು. ಕಣ್ಣು ಮಂಜಾದವರಿಗೆ ಮೊಮ್ಮಕ್ಕಳ ಕಣ್ಣುಗಳಿವೆ. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆಗಳನ್ನು ಕೊರೆಯಬಾರದು. ಪಾದರಕ್ಷೆಯನ್ನು ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ ನೋಡಬೇಕು. ಪಾದವು ಸಂಜೆಗೆ ತುಸು ಊದುವುದರಿಂದ ಪಾದರಕ್ಷೆಯನ್ನು ಸಂಜೆಯ ಹೊತ್ತಿನಲ್ಲಿ ಕೊಳ್ಳುವುದು ಜಾಣತನ. ಅಥಣಿ ಮೊದಲಾದೆಡೆ ಹೊಲಿಯುವ, ಬೆಳಗಾವಿ ಜಿಲ್ಲೆಗೂ ಭೌಗೋಳಿಕ ಗುರುತಿನ ಮಾನ್ಯತೆಯಲ್ಲಿ ಪಾಲು ತಂದ ಕೊಲ್ಹಾಪುರಿ ಚಪ್ಪಲಿಯು ಮುಳ್ಳು ಬಿಸಿಲುಗಳಿಗೆ ಒಳ್ಳೆಯ ಕವಚ. ಹಿಮ್ಮಡಿ ನೋವಿನವರು ಅದರೊಳಗೆ ಮೆತ್ತನೆಯ ಹಾಸು ಹಾಕಿಸಿಕೊಳ್ಳಬೇಕು. ಜಡಪಾದದವರಿಗೆ ಬೆರಳಿನ ಉಂಗುರವಿಲ್ಲದ, ಹಿಂದೆ ಪಟ್ಟಿಯಿರುವ, ಒಳಗೆ ಮೆತ್ತಗೆ ಹೊರಗೆ ಗಟ್ಟಿಯಾದ ಪಾದರಕ್ಷೆಯೇ ತಕ್ಕುದು. ಹವಾಯಿ ಚಪ್ಪಲಿಯು ಅವರ ಕಾಲಿನಿಂದ ಕಳಚಿಬಿದ್ದರೂ ತಿಳಿಯದು. ಅದರ ತೆಳುವಾದ ತಳವನ್ನು ಮೊಳೆಯು ಸುಲಭವಾಗಿ ದಾಟುತ್ತದೆ. ಸಕ್ಕರೆ ಕಾಯಿಲೆಯುಳ್ಳ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸಿಕೊಳ್ಳಬೇಕು. ತೆಳುವಾದ ಒಂದು ನೈಲಾನ್ ಎಳೆಯಿಂದ ಕೆಲವೇ ನಿಮಿಷಗಳಲ್ಲಿ, ನೋವಿಲ್ಲದೆ ಮುಗಿಯುವ ಪರೀಕ್ಷೆಯದು.

ಉಪಸಂಹಾರ

ಜ್ಞಾನವು ಶಾಲೆಯಿಂದ ಮನೆಗೆ ಹರಿಯುವುದು ಮಕ್ಕಳ ಮೂಲಕ. ಶಿಕ್ಷಕರು ವರ್ಷಕ್ಕೊಂದು ತಾಸನ್ನು ಈ ವಿಷಯಕ್ಕೆ ಮೀಸಲಿಟ್ಟು, ಪ್ರತಿಯೊಂದು ಮಗುವೂ ಮನೆಯ ಹಿರಿಯರ ಅಂಗಾಲನ್ನು ವಾರಕ್ಕೊಮ್ಮೆ ನೋಡಿ ಹೇಳುವಂತೆ ಕಲಿಸಿದರೆ, ನೂರು ಮನೆಗಳಲ್ಲಿ ನೂರು ಕಾವಲುಗಾರರು ಹುಟ್ಟಿದಂತಾಗುತ್ತದೆ. ನಗರಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ತಂದೆತಾಯಿಗಳ ಪಾದಕ್ಕೆ ನಮಸ್ಕರಿಸುವುದರ ಜೊತೆಗೆ ಆ ಪಾದವನ್ನು ಎತ್ತಿ ತಿರುವಿ ನೋಡಲಿ. ಆ ವಂದನೆ ಆಗ ಪೂರ್ಣವಾಗುವುದು. ದಾನಿಗಳು ಜಾತ್ರೆಯ ಕಾಲದಲ್ಲಿ ಕಾದ ಅಂಗಳಕ್ಕೆ ಹಾಸುವ ಚಾಪೆ, ದಾರಿಯಲ್ಲೊಂದು ಕಾಲು ತೊಳೆಯುವ ನೀರಿನ ತೊಟ್ಟಿ, ಪಟ್ಟಿ ಕಟ್ಟುವ ಒಬ್ಬ ಪರಿಚಾರಿಕೆ, ಬಡ ರೋಗಿಗೆ ಒಂದು ಜೊತೆ ತಕ್ಕ ಪಾದರಕ್ಷೆ ಇವುಗಳನ್ನು ಒದಗಿಸಿದರೆ ಅದು ಸಣ್ಣ ದಾನವಲ್ಲ.

ನೋವು ಬಂದಾಗ ಅದರ ಮಾತನ್ನು ಕೇಳಬೇಕು; ಮಾತು ನಿಂತಾಗ ಕಣ್ಣಿನಿಂದ ಕಾಯಬೇಕು. ಕಾಯಕಕ್ಕೆ ಕೈ ಎಷ್ಟು ಮುಖ್ಯವೋ ಕಾಲೂ ಅಷ್ಟೇ ಮುಖ್ಯ. ಇಂದಿನ ರಾತ್ರಿ ಮಲಗುವ ಮೊದಲು ಪ್ರತಿಯೊಬ್ಬ ವಾಚಕರೂ ತಮ್ಮ ಅಂಗಾಲನ್ನು ಒಮ್ಮೆ ನೋಡಿಕೊಂಡರೆ ಈ ಬರಹವು ಸಾರ್ಥಕ.